ಮಣ್ಣೆತ್ತಿನ ನಡಿಗೆ: ಒಂದು ಶಾಸ್ತ್ರವಿಚಾರ

ವಿಷಯಪ್ರವೇಶ: ಜಡಕ್ಕೆ ಜೀವ ಬರಿಸುವ ವಿದ್ಯೆಯ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಆ ವಿದ್ಯೆ ಧಾರವಾಡದ ಹಾಸ್ಟೆಲ್ ಕೋಣೆಯಲ್ಲಿ, ಅದೂ ರೂಮ್‌ಮೇಟ್ ಇರುವಾಗ, ಸಿದ್ಧಿಸೀತೇ ಎಂಬ ಮೂಲಭೂತ ಪ್ರಶ್ನೆಗೆ ಯಾರೂ ಕೈಹಚ್ಚಿಲ್ಲ. ಆ ಕೊರತೆ ನೀಗಿಸಲೆಂದೇ ಈ ಪ್ರಬಂಧ.

ಪೂರ್ವಸೂರಿಗಳು: 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೊ ಸೀಳುಗಳಿದ್ದ ತಟ್ಟೆಯೊಂದನ್ನು ಕನ್ನಡಿಯೆದುರು ತಿರುಗಿಸಿ ಬಿಡಿಚಿತ್ರಗಳನ್ನು ಕುಣಿಸಿದ. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ಸುಮಾರು 700 ಚಿತ್ರ ಬರೆದು, ಎರಡು ನಿಮಿಷವೂ ಓಡದ ‘ಫ್ಯಾಂಟಸ್ಮಗೋರಿ’ ತಯಾರಿಸಿದ. 1926ರಲ್ಲಿ ಜರ್ಮನಿಯ ಲೋಟೆ ರೈನಿಗರ್ ಕತ್ತರಿಯಿಂದ ಕತ್ತರಿಸಿ ಕೀಲು ಕೂಡಿಸಿದ ಗೊಂಬೆಗಳಿಂದ ಇಡೀ ಚಿತ್ರವನ್ನೇ ನೆರಳಿನಲ್ಲಿ ನಡೆಸಿದರು. ನಮ್ಮ ತೊಗಲುಗೊಂಬೆಯವರಿಗೆ ಇದು ತಮ್ಮ ಬಳಗದ ಸಂಗತಿಯೆನಿಸೀತು. ಮೂವರಿಗೂ ನಮಸ್ಕಾರ. ಆದರೆ ಇವರ್ಯಾರೂ ಮೆಸ್ಸಿನ ಗಂಟೆ ಹೊಡೆಯುವುದರೊಳಗೆ ಮೇಜು ಖಾಲಿ ಮಾಡಬೇಕಾದವರಲ್ಲ.

ಸಾಮಗ್ರಿ ಮತ್ತು ಗಣಿತ: ಪ್ರಸ್ತುತ ವಿದ್ಯಾರ್ಥಿಯದು ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಪಳಗಿದ ಕೈ. ಎರೆಮಣ್ಣಿನ ಎತ್ತು ತಯಾರಾಯಿತು. ಎರಡು ಇಟ್ಟಿಗೆಗಳ ನಡುವೆ ಫೋನು ಪ್ರತಿಷ್ಠಾಪನೆಗೊಂಡಿತು. ಸೆಕೆಂಡಿಗೆ 24 ಫ್ರೇಮು. ಒಂದು ಭಂಗಿಯನ್ನು ಎರಡು ಫ್ರೇಮು ನಿಲ್ಲಿಸಿದರೂ ಸೆಕೆಂಡಿಗೆ 12 ಭಂಗಿ, ನಿಮಿಷಕ್ಕೆ 720. ಎತ್ತಿಗೆ ನಾಲ್ಕು ಕಾಲೆಂಬುದು ವಿದ್ಯಾರ್ಥಿಗೆ ಗೊತ್ತಿತ್ತು. ಅವು ಯಾವ ಸರದಿಯಲ್ಲಿ ಏಳುತ್ತವೆಂದು ತಂದೆಗೆ ಫೋನ್ ಮಾಡಿದಾಗ ದೊರೆತ ಉತ್ತರ: “ಎತ್ತು ಮುಂದ ಹೊಕ್ಕಾವ, ನಾವು ಹಿಂದ ಹೊಕ್ಕೀವಿ. ಕಾಲು ಎಣಿಸಾಕ ಯಾರಿಗೆ ಪುರುಸೊತ್ತೈತಿ?” ಕೊನೆಗೆ ಗೇಟಿನ ಮುಂದೆ ಅಡ್ಡಾಡುವ ದನವೊಂದು ಪ್ರಮಾಣವಾಯಿತು: ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ.

ವೀಕ್ಷಣೆ: ತೆಗೆದ ಫ್ರೇಮುಗಳನ್ನು ಓಡಿಸಿ ನೋಡಲಾಗಿ, ಮೊದಲನೆಯದಾಗಿ, ಕಿಟಕಿಯ ಬಿಸಿಲು ಸರಿದಿದ್ದರಿಂದ ಎತ್ತಿಗಿಂತ ಮೊದಲು ಅದರ ನೆರಳು ಹೊಲ ಮುಟ್ಟಿತು. ಎರಡನೆಯದಾಗಿ, ರೂಮ್‌ಮೇಟ್ ಮಗ್ಗುಲು ಬದಲಿಸಿದಾಗೆಲ್ಲ ಭೂಮಿ ಕಂಪಿಸಿತು. ಮೂರನೆಯದು ಗಂಭೀರವಾದದ್ದು. ಬಿಸಿಲಿಗೆ ಮಣ್ಣು ಒಣಗಿ ಹಿಂದೊಡೆಯ ಸಂದಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು. ನೀರು ಮುಟ್ಟಿಸಿ ಸವರಿದಾಗ ಬಿರುಕು ಮುಚ್ಚಿತು, ಹೆಬ್ಬೆರಳಿನ ಗೆರೆಗಳು ಮೂಡಿದವು. ಒಂದೊಂದು ಫ್ರೇಮಿನಲ್ಲೂ ಗೆರೆ ಬೇರೆ. ಹಾಗಾಗಿ ಎತ್ತು ಹೆಜ್ಜೆ ಕಿತ್ತಿಡುವ ಮೊದಲೇ ಅದರ ಚರ್ಮ ಗುಳುಗುಳು ಹರಿದಾಡಿತು. ಕಸುಬಿನವರು ಒಣಗದ ಎಣ್ಣೆಜಿಡ್ಡಿನ ಪ್ಲಾಸ್ಟಿಸಿನ್ ಹಿಡಿದು, ಒಳಗೆ ತಂತಿಯ ಎಲುಬು ಕೂಡಿಸುವುದು ಸುಮ್ಮನೆ ಅಲ್ಲ.

ಪೂರ್ವಪಕ್ಷ: “ಲೇ, ಇದನ್ನ ಆ್ಯಪ್ ಎರಡು ನಿಮಿಷದಾಗ ಮಾಡತೈತಿ” ಎಂದು ರೂಮ್‌ಮೇಟ್ ವಾದಿಸುತ್ತಾನೆ. ಖಂಡನೆ: ಆ್ಯಪಿನ ಎತ್ತಿನ ಮೈಮೇಲೆ ಯಾರ ಬೆರಳಚ್ಚೂ ಇರುವುದಿಲ್ಲ. ನಾಳೆ ಕಳವಾದರೆ ಗುರುತು ಹೇಳುವುದು ಹೇಗೆ?

ಸಿದ್ಧಾಂತ: ಎತ್ತನ್ನು ನಡೆಸುವುದು ಈ ವಿದ್ಯೆಯ ಸಣ್ಣ ಪಾಲು. ಎತ್ತು ನಡೆಯುವಷ್ಟು ಹೊತ್ತು ಸೂರ್ಯ, ಫ್ಯಾನು, ಮೇಜು ಮತ್ತು ಮಿತ್ರರನ್ನು ನಿಲ್ಲಿಸುವುದೇ ಅದರ ದೊಡ್ಡ ಪಾಲು. ಇವುಗಳಲ್ಲಿ ಫ್ಯಾನು ಮಾತ್ರ ಸ್ವಿಚ್ಚಿಗೆ ಬಗ್ಗುತ್ತದೆ. ಸೂರ್ಯನಿಗೆ ಕಂಬಳಿ ಕಟ್ಟಿ, ಟೇಬಲ್ ಲ್ಯಾಂಪು ಹಚ್ಚಿದ್ದಾಗಿದೆ.

ಮುಂದಿನ ಸಂಶೋಧನೆ: ನಿಲ್ಲದ ಮಿತ್ರನನ್ನು ಶಾಸ್ತ್ರೋಕ್ತವಾಗಿಯೇ ನಡೆಸಿಬಿಡುವ ದಾರಿಯೊಂದಿದೆ. 1952ರಲ್ಲಿ ಕೆನಡಾದ ನಾರ್ಮನ್ ಮೆಕ್‌ಲಾರೆನ್ ‘ನೇಬರ್ಸ್’ ಚಿತ್ರದಲ್ಲಿ ಮನುಷ್ಯರನ್ನೇ ಗೊಂಬೆಗಳಂತೆ ಫ್ರೇಮು ಫ್ರೇಮಾಗಿ ನಡೆಸಿದ್ದಾರೆ. ಪಕ್ಕಪಕ್ಕದ ಮನೆಯವರಿಬ್ಬರು ಒಂದು ಹೂವಿಗಾಗಿ ಬಡಿದಾಡಿ ಸಾಯುವ ಕಥೆ. ಹಾಸ್ಟೆಲಿಗೆ ಹೇಳಿ ಮಾಡಿಸಿದ ವಸ್ತು. ರೂಮ್‌ಮೇಟ್ ಒಪ್ಪಿದ್ದಾನೆ. ಭಂಗಿಗೊಂದು ಚಹಾ ಎಂಬ ಅವನ ಕರಾರಿನಿಂದಾಗಿ, ನಿಮಿಷಕ್ಕೆ 720 ಭಂಗಿಯ ಲೆಕ್ಕವನ್ನು ವಿದ್ಯಾರ್ಥಿ ಮತ್ತೊಮ್ಮೆ ಪರಿಶೀಲಿಸುತ್ತಿದ್ದಾನೆ.