ನಿಶ್ಶಬ್ದದ ಗಲಾಟೆ

ಬೆಂಗಳೂರಿನ ನಮ್ಮ ಭಾವನಿಗೆ ನೆಮ್ಮದಿ ಬೇಕೆನಿಸಿದಾಗಲೆಲ್ಲ ತೀರ್ಥಹಳ್ಳಿ ಕಡೆಯ ನಮ್ಮ ಮನೆ ನೆನಪಾಗುತ್ತದೆ. ಈ ಸಲ ಬಂದದ್ದು ಜೂನ್ ಮೊದಲ ವಾರ.

"ಎಂಥಾ ಪ್ರಶಾಂತ ಜಾಗ ಮಾರಾಯ!" ಎಂದು ಜಗಲಿಯಲ್ಲಿ ಕಾಲು ಚಾಚಿದರು. ಅವರು ಬಾಯಿ ಮುಚ್ಚುವುದಕ್ಕೂ ಜೀರುಂಡೆಗಳು ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಬಾಯಿ ಎಂದದ್ದು ತಪ್ಪು. ಗಂಡು ಜೀರುಂಡೆ ಶಬ್ದ ಮಾಡುವುದು ಹೊಟ್ಟೆಯ ಪಕ್ಕದ ಪೊರೆಗಳಿಂದ. ಹಾಗಂತ ಹೊಟ್ಟೆಪಾಡಿಗಲ್ಲ, ಹೆಣ್ಣಿಗಾಗಿ.

ರಾತ್ರಿ ಮಳೆ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಸುರಿಸಿಕೊಳ್ಳುವ ಆಗುಂಬೆ ನಮಗೆ ನೆರೆಮನೆ. ಅಲ್ಲಿ ಸೀನಿದರೆ ಇಲ್ಲಿ ನೆಗಡಿ. ಮಳೆ ಬಿಟ್ಟ ಕೂಡಲೇ ಕಪ್ಪೆಗಳ ಕಚೇರಿ. ಬೆಳಗಿನ ಜಾವ ಸಿಳ್ಳಾರ ಹಕ್ಕಿ.

"ಯಾರೋ ಅದು ಪಡ್ಡೆ ಹುಡುಗ? ಪದ ಪೂರ್ತಿ ಬರದಿದ್ರೂ ಸಿಳ್ಳೆ ಹೊಡೀತಾನೆ!"

"ಹಕ್ಕಿ ಭಾವ ಅದು."

ನೋಡಿಯೇ ಬಿಡುತ್ತೇನೆಂದು ತೋಟಕ್ಕಿಳಿದವರು ಉಂಬಳ ಹತ್ತಿಸಿಕೊಂಡು ಬಂದರು. ಅದು ಕಚ್ಚಿದ್ದು ತಿಳಿಯುವುದೇ ಇಲ್ಲ. ಇಡೀ ಮಲೆನಾಡಿನಲ್ಲಿ ನಿಶ್ಶಬ್ದವಾಗಿ ಕೆಲಸ ಮಾಡುವುದು ಅದೊಂದೇ!

ಮೊನ್ನೆ ನಾನು ಅವರ ಹನ್ನೆರಡನೇ ಮಹಡಿಯ ಮನೆಗೆ ಹೋಗಿದ್ದೆ. ಗಾಜಿನ ಕಿಟಕಿ ಎಳೆದರೆ ಸೊಳ್ಳೆಯ ಸದ್ದೂ ಇಲ್ಲ. ಅಷ್ಟು ಮೌನದಲ್ಲಿ ನಿದ್ದೆ ಹತ್ತುವುದು ಹೇಗೆ? ಹೊರಳಾಡುವುದನ್ನು ನೋಡಿದ ಭಾವ ಮೊಬೈಲಿನಲ್ಲಿ ನಮ್ಮ ತೋಟದ ಕಪ್ಪೆಗಳ ರೆಕಾರ್ಡಿಂಗ್ ಹಾಕಿದರು. ಎರಡೇ ನಿಮಿಷಕ್ಕೆ ಗೊರಕೆ ಶುರುವಾಯಿತು, ಭಾವನದು.