ಕ್ಯಾಂಡಿಮೀಮಾಂಸೆ: ವಿದೇಶವಾಸಿ ಕುಟುಂಬಗಳ ಕೊತ್ತತ್ತಿಗಮನದ ಒಂದು ಪ್ರಮಾಣಶಾಸ್ತ್ರೀಯ ಅಧ್ಯಯನ

ಶಾಸ್ತ್ರಗ್ರಂಥವೆಂದ ಮೇಲೆ ನಾಲ್ಕು ಅನುಬಂಧಗಳಿರಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ: ಕಡ್ಡಿಗೆ ಕಚ್ಚಿಕೊಂಡ ಬಣ್ಣದ ಐಸು. ಪ್ರಯೋಜನ: ನಾಲಿಗೆ ಕೆಂಪಾಗುವುದು. ಅಧಿಕಾರಿಗಳು: ಕ್ಯಾಲಿಫೋರ್ನಿಯಾದಿಂದ ಮಂಡ್ಯ ತಾಲ್ಲೂಕಿನ ಕೊತ್ತತ್ತಿಗೆ ರಜೆಗೆಂದು ಬಂದಿಳಿಯುವ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಸಂಬಂಧ: ಅಪ್ಪನ ಕಡೆಯದು.

ಮೊದಲು ಕಾಲನಿರ್ಣಯ. ಕ್ಯಾಂಡಿಯ ಹಂಗಾಮು ಏಪ್ರಿಲ್. ಅಮೆರಿಕದ ಶಾಲೆಗಳು ರಜೆ ಕೊಡುವ ಜೂನ್ ಹೊತ್ತಿಗೆ ಇಲ್ಲಿ ಮೋಡ ಕಟ್ಟಿ, ಐಸಿಗಿಂತ ಬಿಸಿ ಬೋಂಡಕ್ಕೇ ಗಿರಾಕಿ ಜಾಸ್ತಿ. ಹೀಗಾಗಿ ವಿದೇಶವಾಸಿಯ ಕ್ಯಾಂಡಿಸೇವನೆ ಎರಡು ಮಳೆಗಳ ನಡುವಿನ ಬಿಸಿಲಿನಲ್ಲಷ್ಟೇ ಸಾಧ್ಯ.

ಕ್ಯಾಂಡಿಯವನು ಬಂದನೆಂದು ತಿಳಿಯುವುದು ಹೇಗೆ? ನ್ಯಾಯದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕೊತ್ತತ್ತಿಯ ಮಕ್ಕಳಿಗೆ ಕೊನೆಯದೊಂದೇ ಸಾಕು; ಟಿವಿಎಸ್ ಎಕ್ಸೆಲ್ಲಿನ ರಬ್ಬರ್ ಹಾರ್ನು ಪೊಂಯ್ ಎಂದರೆ ಅದೇ ಆಪ್ತವಾಕ್ಯ. ಕ್ಯಾಲಿಫೋರ್ನಿಯಾದವರು ಪ್ರತ್ಯಕ್ಷವಾದಿಗಳು, ಡಬ್ಬಕ್ಕೆ ಇಣುಕಿದ ಮೇಲೇ ನಂಬುವವರು. ಇಣುಕಿದರೆ ಕಾಣುವುದು ಹೊಗೆ. ಹೊಗೆಯಿದ್ದಲ್ಲಿ ಬೆಂಕಿ ಎಂದು ಶತಮಾನಗಳಿಂದ ಪಾಠ ಹೇಳಿದ ತಾರ್ಕಿಕರು ಈ ಡಬ್ಬದ ಮುಂದೆ ತಲೆ ತಗ್ಗಿಸಬೇಕು. ಆದರೂ ಅನ್ಯಾಯ ಮಾಡಬಾರದು: ಮಂಜನ್ನು ಹೊಗೆಯೆಂದು ಭ್ರಮಿಸುವ ದೋಷವನ್ನು ಹಳೆಯ ತರ್ಕಗ್ರಂಥಗಳೇ ಎಚ್ಚರಿಸಿವೆ. ಮುಚ್ಚಳ ತೆಗೆದಾಗ ಗಾಳಿಯ ತೇವ ತಣ್ಣಗಾಗಿ ಹನಿಗಟ್ಟಿದ್ದಷ್ಟೇ ಅದು. ಗ್ರಂಥಕರ್ತರೂ ಚಿಕ್ಕಂದಿನಲ್ಲಿ ಕ್ಯಾಂಡಿ ತಿಂದಿರಬೇಕೆಂದು ನನ್ನ ಊಹೆ.

ಇನ್ನು ಪೂರ್ವಪಕ್ಷ. ಅದನ್ನು ಮಂಡಿಸುವವನು ಅಪ್ಪ, ಕೈಯಲ್ಲಿ ಕ್ಯಾಂಡಿ ಹಿಡಿದೇ. ಭಾರತದ ಆಹಾರ ನಿಯಮದಂತೆ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇ. 10 ಹಾಲಿನ ಕೊಬ್ಬಿರಬೇಕು. ಹಾಲಿನ ಕೊಬ್ಬಿನ ಬದಲು ಎಣ್ಣೆ ಹಾಕಿದರೆ ಫ್ರೋಜನ್ ಡೆಸರ್ಟ್ ಎಂದೇ ಬರೆಯಬೇಕು. ಇದರಲ್ಲಿ ಎರಡೂ ಇಲ್ಲ, ಆದ್ದರಿಂದ ಇದು ಐಸ್‌ಕ್ರೀಮೇ ಅಲ್ಲ. ಅಮ್ಮ ಮದ್ದೂರಿನವಳು, ಅವಳದು ಉಪಪೂರ್ವಪಕ್ಷ: ಹೆಪ್ಪುಗಟ್ಟಿಸಿದ ಮಾತ್ರಕ್ಕೆ ನೀರಿನ ರೋಗಾಣುಗಳೆಲ್ಲ ಸಾಯುವುದಿಲ್ಲ. ಮಾತು ನಿಜವೇ. ಗೆಜ್ಜಲಗೆರೆಯಲ್ಲಿ ಜಿಲ್ಲೆಯ ಹಾಲು ಒಕ್ಕೂಟದ ಡೈರಿಯೇ ಇರುವಾಗ ನಂದಿನಿ ಕಪ್ಪು ತರಿಸಬಾರದೇ? 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನವರ ಅಂಗಿಯ ಮೇಲೂ ಇದ್ದ ಹೆಸರು ಕೊತ್ತತ್ತಿಯವರಿಗೇಕೆ ಬೇಡ?

ಇದಕ್ಕೆ ಪ್ರತಿವಾದವಿದೆ. ಅದೇ ನಿಯಮದಂತೆ ಒಂದು ಲೀಟರ್ ಐಸ್‌ಕ್ರೀಂ 525 ಗ್ರಾಂ ತೂಗಿದರೆ ಸಾಕು. ಅಮೆರಿಕದಲ್ಲಿ ಗ್ಯಾಲನ್ನಿಗೆ 4.5 ಪೌಂಡ್, ಹೆಚ್ಚುಕಡಿಮೆ ಅಷ್ಟೇ. ಉಳಿದದ್ದು ಕಡೆಯುವಾಗ ತುಂಬಿದ ಗಾಳಿ. ಮಂಡ್ಯದ ಕ್ಯಾಂಡಿಯವನು ಈವರೆಗೆ ಯಾರಿಗೂ ಗಾಳಿ ಮಾರಿಲ್ಲ. ಮೇಲಾಗಿ, ಕಡ್ಡಿ ಐಸು ಈ ಕುಟುಂಬಕ್ಕೆ ಪರಕೀಯವೂ ಅಲ್ಲ. ಅವರು ಮನೆ ಕೊಂಡಿರುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯೇ 1905ರಲ್ಲಿ ಫ್ರಾಂಕ್ ಎಪರ್ಸನ್ ಎಂಬ 11 ವರ್ಷದ ಹುಡುಗ ಸೋಡಾ ಪುಡಿ ಕಲಸಿದ ಲೋಟವನ್ನು ಕಡ್ಡಿ ಸಮೇತ ರಾತ್ರಿಯಿಡೀ ಹೊರಗೆ ಮರೆತ. ಬೆಳಿಗ್ಗೆ ಕ್ಯಾಂಡಿ ಅವತರಿಸಿತ್ತು ಎಂದು ಅಲ್ಲಿನ ಸ್ಥಳಪುರಾಣ. ಪೇಟೆಂಟ್ ಸಿಕ್ಕಿದ್ದು 1924ರಲ್ಲಿ.

ಸೇವನಾವಿಧಿಯೇ ಈ ಶಾಸ್ತ್ರದ ಹೃದಯ. ಪೂರ್ವಿಕರು ಆಹಾರವನ್ನು ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯ ಎಂದು ವಿಂಗಡಿಸಿದರು. ಕ್ಯಾಂಡಿ ಕಚ್ಚಿದರೆ ಭಕ್ಷ್ಯ, ನೆಕ್ಕಿದರೆ ಲೇಹ್ಯ, ಚೀಪಿದರೆ ಚೋಷ್ಯ, ತಡಮಾಡಿದರೆ ಪೇಯ, ಇನ್ನೂ ತಡವಾದರೆ ಮೊಣಕೈಯಿಂದ ತೊಟ್ಟಿಕ್ಕಿ ಇರುವೆಗಳ ಪಾಲು. ಕೊತ್ತತ್ತಿಯವರು ಚೋಷ್ಯ ಸಂಪ್ರದಾಯದವರು. ಕಾರಣವಿದೆ: ನೀರು ಹೆಪ್ಪುಗಟ್ಟುವಾಗ ತನ್ನ ಹರಳಿನೊಳಕ್ಕೆ ಸಕ್ಕರೆಯನ್ನಾಗಲಿ ಬಣ್ಣವನ್ನಾಗಲಿ ಬಿಟ್ಟುಕೊಳ್ಳುವುದಿಲ್ಲ, ಅವು ಹರಳುಗಳ ಸಂದಿಯಲ್ಲಿ ಪಾಕವಾಗಿ ನಿಲ್ಲುತ್ತವೆ. ಬಲವಾಗಿ ಚೀಪಿದರೆ ಪಾಕವೆಲ್ಲ ಬಾಯಿಗೆ, ಕಡ್ಡಿಯಲ್ಲಿ ಬೋಳು ಬಿಳಿ ಐಸು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಕಬ್ಬನ್ನು ಜಗಿದು, ರಸ ಹೀರಿ, ಸಿಪ್ಪೆ ಉಗಿಯುವವರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. 1933ರ ಮೈಷುಗರ್ ಕಾರ್ಖಾನೆ ಯಂತ್ರ ಹೂಡಿ ಮಾಡಿದ್ದೂ ಇದನ್ನೇ. ಕ್ಯಾಲಿಫೋರ್ನಿಯಾದ ಮಕ್ಕಳೋ ಭಕ್ಷ್ಯಪಂಥಿಗಳು. ಗಬಕ್ಕನೆ ಕಚ್ಚಿ, ಹಣೆ ಹಿಡಿದು ಕುಳಿತರು. ವೈದ್ಯಶಾಸ್ತ್ರ ಇದಕ್ಕೆ ಸ್ಫೀನೋಪ್ಯಾಲಟೈನ್ ಗ್ಯಾಂಗ್ಲಿಯೋನ್ಯೂರಾಲ್ಜಿಯಾ ಎನ್ನುತ್ತದೆ. ಹೆಸರು ಉಚ್ಚರಿಸಿ ಮುಗಿಸುವಷ್ಟರಲ್ಲಿ ನೋವೇ ಇಳಿದಿರುತ್ತದೆ.

ಸಿದ್ಧಾಂತ ಹೇಳುವ ಅಧಿಕಾರ ಅಜ್ಜಿಯದು. ಜಗುಲಿಯಿಂದಲೇ ಹೇಳಿದಳು: "ತಿನ್ಲಿ ಬುಡ್ಲಾ ಮಗ. ನೀನೂವೆ ಇದ್ನೇ ತಿಂದ್ಕಂಡಲ್ವಾ ಅಮೇರಿಕಕ್ಕೋಗಿದ್ದು?" ಇದಕ್ಕೆ ಅಪ್ಪ ಉತ್ತರ ಹುಡುಕುತ್ತಿದ್ದಾಗ ಅವನ ಕೈಯಲ್ಲಿದ್ದ ಕ್ಯಾಂಡಿ ಪೇಯಾವಸ್ಥೆಯನ್ನೂ ದಾಟಿತ್ತು. ವಾದದ ಅವಧಿ ಕರಗುವ ಅವಧಿಯನ್ನು ಮೀರುವುದು ವಿದೇಶವಾಸಿಗಳ ಅಸಾಧಾರಣ ಲಕ್ಷಣವೆಂದು ಇಲ್ಲಿ ಸ್ಥಾಪಿತವಾಯಿತು.

ಮಾರನೆಯ ಬೆಳಿಗ್ಗೆ ಗಂಟಲು ಕಟ್ಟಿದ್ದು ಅಪ್ಪನೊಬ್ಬನಿಗೇ. ಅವನ ಮತದಲ್ಲಿ ಕಾರಣ ನೀರು. ಅಜ್ಜಿಯ ಮತದಲ್ಲಿ ಕಾರಿನ ಏಸಿ. ಒಂದೇ ಪ್ರಯೋಗದಿಂದ ನಿರ್ಣಯಕ್ಕೆ ಬರಬಾರದೆಂದು ಮಕ್ಕಳು ಅಜ್ಜಿಯ ಹತ್ತಿರ ಚಿಲ್ಲರೆ ಕೇಳುತ್ತಿದ್ದಾರೆ.