ಗೊಬ್ಬರದ ರಾಯರು

ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಬಂದ ಅಧಿಕಾರಿಗೆ ಮರುದಿನ ಬೆಳಿಗ್ಗೆ ಸಹಿ ಹಾಕಲು ಒಂದು ಕಡತವೂ ಇರುವುದಿಲ್ಲ. ಕಣ್ಣಿಗೆ ಬೀಳುವುದು ಕಾಂಪೌಂಡಿನ ಡುರಾಂಟ ಬೇಲಿ. ಬೆಂಗಳೂರಿನ ಜಯನಗರ, ಮೈಸೂರಿನ ಸರಸ್ವತಿಪುರಂ, ಹೀಗೆ ಹಳೆಯ 40-60ರ ಸೈಟುಗಳು ಇನ್ನೂ ಉಸಿರಾಡುತ್ತಿರುವ ಕಡೆಯೆಲ್ಲ ಗೊಬ್ಬರದ ರಾಯರು ಹುಟ್ಟುವುದು ಆ ಗಳಿಗೆಯಲ್ಲೇ. ಬೇಲಿ ಸವರಿದ ಒಂದು ಕಡ್ಡಿ ಗೇಟಿನಾಚೆ ಹೋದರೂ ಅವರಿಗೆ ಹೊಟ್ಟೆಯಲ್ಲಿ ಸಂಕಟ. ನೆರೆಮನೆಯವರು ಇದನ್ನು ಜಿಪುಣತನ ಎನ್ನುತ್ತಾರೆ, ಸೊಸೆ ಪರಿಸರಪ್ರೇಮ ಎಂದು ಮರ್ಯಾದೆ ಉಳಿಸುತ್ತಾಳೆ. ಇಬ್ಬರ ಊಹೆಯೂ ತಪ್ಪೆಂದು ನನ್ನ ವಾದ. ರಾಯರು ಗೊಬ್ಬರದ ಗುಂಡಿಯಲ್ಲಿ ಹುಡುಕುತ್ತಿರುವುದು ಕೈಬಿಟ್ಟುಹೋದ ಕಚೇರಿಯನ್ನು.

ಗೊಬ್ಬರವೇ ಬೇಕಿದ್ದರೆ ಬೇಲಿಯ ಸೊಪ್ಪಿಗೆ ಬೇಲಿಯ ಬುಡಕ್ಕಿಂತ ಹತ್ತಿರದ ದಾರಿಯಿಲ್ಲ. ಸವರಿದ್ದನ್ನು ಸಣ್ಣಗೆ ಕೊಚ್ಚಿ ಅಲ್ಲೇ ನಾಲ್ಕು ಬೆರಳು ದಪ್ಪ ಹರಡಿದರೆ ತೇವ ಬೇಗ ಆರದು, ಕಳೆಯೂ ತಲೆಯೆತ್ತಲು ಹಿಂಜರಿಯುತ್ತದೆ. ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರು ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ತೋಟಕ್ಕೆ ಹೊದಿಸಿ ತಲೆಮಾರುಗಳನ್ನೇ ಕಳೆದಿದ್ದಾರೆ. ಅದಕ್ಕಾಗಿ ಯಾರೂ ರಿಜಿಸ್ಟರ್ ಇಟ್ಟದ್ದಿಲ್ಲ. ಆದರೆ ಬುಡಕ್ಕೆ ಸುರಿದು ಕೈತೊಳೆದರೆ ರಾಯರಿಗೆ ಉಳಿಯುವುದೇನು? ಅದಕ್ಕೇ ಗುಂಡಿ. ಅಲ್ಲಿ ಸೊಪ್ಪು 'ಆವಕ'ವಾಗುತ್ತದೆ, ಹಸಿಯದೊಂದು ವಿಭಾಗ, ಒಣಗಿದ್ದೊಂದು ವಿಭಾಗ, ಬೆರಳಿಗಿಂತ ದಪ್ಪನೆಯ ಕಡ್ಡಿ 'ಪರಿಶೀಲನೆಯಲ್ಲಿದೆ'. ಇಂಗಾಲ 30 ಪಾಲಿಗೆ ಸಾರಜನಕ 1 ಪಾಲು ಎಂಬ ಸೂತ್ರ ಅವರಿಗೆ ಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ರಾಶಿಗೆ ಕಬ್ಬಿಣದ ಸಲಾಕೆ ಚುಚ್ಚಿ, ಹೊರಗೆಳೆದು, ಬಿಸಿ ಮುಟ್ಟಿ ನೋಡುವಾಗ ನಾಡಿ ಹಿಡಿದ ಪಂಡಿತರ ಗಾಂಭೀರ್ಯ. ಇನ್ನೂ ದೊಡ್ಡ ಸಾಕ್ಷಿ ಬೇಕೆ? ಗುಂಡಿ ತುಂಬಿ, ಮೇಲೆ ಮಣ್ಣು ಮೆತ್ತಿ, ಒಮ್ಮೆಯೂ ಮಗುಚದೆ ಆರೆಂಟು ತಿಂಗಳು ಬಿಟ್ಟುಬಿಡುವ ಪದ್ಧತಿಯನ್ನು 1939ರಲ್ಲಿ ಸಿ.ಎನ್. ಆಚಾರ್ಯರು ರೂಪಿಸಿದರು; ಅದರ ಹೆಸರೇ ಬೆಂಗಳೂರು ವಿಧಾನ. ಬೆಂಗಳೂರಿನ ರಾಯರು ಮಾತ್ರ ಆಲ್ಬರ್ಟ್ ಹೊವಾರ್ಡರ ಇಂದೋರ್ ವಿಧಾನದ ಪಕ್ಷಪಾತಿ, ಏಕೆಂದರೆ ಅದರಲ್ಲಿ ಆಗಾಗ ಮಗುಚುವುದಿದೆ. ಮಗುಚುವುದೆಂದರೆ ತಪಾಸಣೆ. ಎರಡು ಮೂರು ಸಲ ಮಗುಚಿದರೆ ಸಾಕೆಂದು ಪುಸ್ತಕ ಹೇಳಿದರೂ ಅವರು ವಾರಕ್ಕೆರಡು ಸಲ ಪಿಕಾಸಿ ಹಿಡಿಯುತ್ತಾರೆ. ಪಾಪ, ರಾಶಿಗೆ ಬಿಸಿಯೇರಲೂ ಪುರುಸೊತ್ತಿಲ್ಲ.

ದುಡ್ಡು ಉಳಿಯುತ್ತದಲ್ಲ ಎನ್ನಬಹುದು. ಕತ್ತರಿ, ಜರಡಿ, ಡ್ರಮ್ಮು, ಹುಳಿ ಮಜ್ಜಿಗೆ, ಬೆಲ್ಲ, ಹಾಲಿನವನಿಗೆ ದುಂಬಾಲು ಬಿದ್ದು ತರಿಸಿದ ಸೆಗಣಿ ಎಲ್ಲ ಕೂಡಿಸಿದರೆ ನರ್ಸರಿಯ ಮೂಟೆಯೇ ಅಗ್ಗ. ಪರಿಸರದ ಮಾತು ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ: ಬೀದಿ ಮೂಲೆಯಲ್ಲಿ ಎಲೆಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸುವವರ ಪಕ್ಕದಲ್ಲಿ ರಾಯರು ಋಷಿಯೇ ಸರಿ. ಆದರೆ ಪಕ್ಕದ ಮನೆಯವರು ತಾವೇ ಒಂದು ಗುಂಡಿ ತೋಡಿದರೆಂದುಕೊಳ್ಳಿ. ಪರಿಸರಪ್ರೇಮಿಯಾದವನು ಹಿಗ್ಗಬೇಕು. ರಾಯರ ಮುಖ ಸಣ್ಣದಾಗುತ್ತದೆ. ತಮ್ಮ ಇಲಾಖೆಯ ಮೇಲೆ ಇನ್ನೊಬ್ಬ ಅಧಿಕಾರಿಯನ್ನು ನೇಮಿಸಿದಂತೆ.

ಶಿಸ್ತಿಗೆ ಬಗ್ಗದ ನೌಕರರು ಅಲ್ಲೂ ಇದ್ದಾರೆನ್ನಿ. ಕಾಗದದ ಹೂವಿನ ಎಲೆ ಕೊಳೆತರೂ ಮುಳ್ಳು ಕೊಳೆಯಲು ಒಪ್ಪದೆ, ಜರಡಿ ಹಿಡಿಯುವ ದಿನ ಅಂಗೈಗೆ ಹಾಜರಿ ಹಾಕುತ್ತದೆ. ದಾಸವಾಳದ ಬಲಿತ ಕಡ್ಡಿಯದು ಇನ್ನೂ ಉದ್ಧಟತನ: ತೇವದ ರಾಶಿಯಲ್ಲಿ ಕರಗುವ ಬದಲು ಬೇರು ಬಿಟ್ಟು ಚಿಗುರುತ್ತದೆ. ರಾಯರು ಅದನ್ನು ಕಿತ್ತೆಸೆಯುವುದಿಲ್ಲ. ಒಂದೊಂದಾಗಿ ಬಿಡಿಸಿ, ಗುಂಡಿಯ ಸುತ್ತ ಗೇಣಿಗೊಂದರಂತೆ ಸಾಲಾಗಿ ನೆಟ್ಟು, ಸವರುವಷ್ಟು ಎತ್ತರಕ್ಕೆ ಯಾವಾಗ ಬಂದೀತೆಂದು ದಿನವೂ ಅಳೆಯುತ್ತಾರೆ.